ಇಗ್ನಿಷನ್ ಕಂಡೆನ್ಸರ್: ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಅದರ ಪರೀಕ್ಷೆ ಮತ್ತು ಆಯ್ಕೆ

ಪಾಯಿಂಟ್ (ಕಾಯಿಲಿನ ಕರೆಂಟನ್ನು ಜೋಡಿಸಿ ಬಿಡಿಸುವ ಸಂಪರ್ಕ ತುದಿಗಳು) ಇರುವ ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಆ ಪಾಯಿಂಟಿಗೆ ಸಮಾಂತರವಾಗಿ ಕೂರಿಸುವ ಚಿಕ್ಕ ಕೆಪಾಸಿಟರ್. ಸುರುಳಿ ಸುತ್ತಿದ ಲೋಹದ ತೆಳು ಹಾಳೆಗಳು, ಅವುಗಳ ನಡುವೆ ಕಾಗದ ಅಥವಾ ಪ್ಲಾಸ್ಟಿಕ್ ಪೊರೆ, ಮೇಲೊಂದು ತಗಡಿನ ಡಬ್ಬಿ, ಡಬ್ಬಿಯಿಂದ ಹೊರಟ ಒಂದು ವೈರು. ಡಬ್ಬಿಯೇ ಅರ್ತ್. ಇದರ ಧಾರಣಶಕ್ತಿ ಸಾಮಾನ್ಯವಾಗಿ 0.18ರಿಂದ 0.25 ಮೈಕ್ರೋಫ್ಯಾರಡ್. ಅಂಬಾಸಿಡರ್, ಫಿಯೆಟ್, ಮಾರಿಸ್ ಮೈನರ್, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲಿಸ್ ಜೀಪು, ಮೈಸೂರಿನ ಜಾವಾ ಮತ್ತು ಯೆಜ್ಡಿ, ಇವೆಲ್ಲ ಇದನ್ನು ನಂಬಿ ಓಡಿದ ಗಾಡಿಗಳು. ಕೆಟ್ಟಾಗ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸುವ ಬಿಡಿಭಾಗಗಳಲ್ಲಿ ತೀರ ಅಗ್ಗದ ಒಂದು ಇದು. ಅಗ್ಗವಾದ್ದರಿಂದಲೇ ಇದನ್ನು ಪರೀಕ್ಷಿಸುವವರು ಕಡಿಮೆ, ಬದಲಾಯಿಸುವವರು ಹೆಚ್ಚು. ಹೊಸದು ಹಾಕಿದ ಮೇಲೂ ತೊಂದರೆ ಹೋಗದಿದ್ದರೆ ದೋಷವನ್ನು ಕಾಯಿಲಿನ ಮೇಲೋ ಕಾರ್ಬ್ಯುರೇಟರಿನ ಮೇಲೋ ಹೊರಿಸುವುದು ರೂಢಿ.

ಕೆಲಸ

ಬ್ಯಾಟರಿಯಿಂದ ಹೊರಟ ಕರೆಂಟು ಇಗ್ನಿಷನ್ ಕಾಯಿಲಿನ ಪ್ರೈಮರಿ ಸುತ್ತಿನ ಮೂಲಕ ಹಾದು, ಮುಚ್ಚಿದ ಪಾಯಿಂಟ್ ದಾಟಿ ಅರ್ತ್ ಸೇರುತ್ತದೆ. 12 ವೋಲ್ಟಿನ ಸಾಮಾನ್ಯ ಕಾಯಿಲಿನಲ್ಲಿ ಇದು 3ರಿಂದ 4 ಆಂಪಿಯರ್. ಡಿಸ್ಟ್ರಿಬ್ಯೂಟರಿನ ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣ ಕರೆಂಟು ನಿಲ್ಲಬೇಕು, ಕಾಯಿಲಿನ ಕಾಂತಕ್ಷೇತ್ರ ಕುಸಿಯಬೇಕು, ಆ ಕುಸಿತದಿಂದ ಸೆಕೆಂಡರಿ ಸುತ್ತಿನಲ್ಲಿ ಹತ್ತು ಸಾವಿರ ವೋಲ್ಟ್ ದಾಟಿದ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆದರೆ ಕಾಯಿಲಿನಲ್ಲಿ ಹರಿಯುತ್ತಿರುವ ಕರೆಂಟು ಒಮ್ಮೆಲೇ ನಿಲ್ಲಲು ಒಪ್ಪುವುದಿಲ್ಲ. ಪಾಯಿಂಟುಗಳು ಕೂದಲೆಳೆಯಷ್ಟು ಬಿಟ್ಟಿರುವಾಗಲೇ ಅದು ಆ ಸಂದಿಯನ್ನು ಜಿಗಿದು ಹಾಯುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟಿನ ಮೇಲೆ ನೀಲಿ ಕಿಡಿಯಾಗಿ ಸುಟ್ಟುಹೋಗುತ್ತದೆ.

ಕಣ್ವ ಜಲಾಶಯದ ನಾಲೆಯಲ್ಲಿ ರಭಸದಿಂದ ಹರಿಯುವ ನೀರಿಗೆ ತೂಬಿನ ಬಾಗಿಲು ಇಳಿಸಿದರೆ ಅದು ಸಂದಿಯಲ್ಲೇ ನುಗ್ಗಲು ನೋಡುತ್ತದೆ. ಪಕ್ಕದಲ್ಲೊಂದು ಸಣ್ಣ ಹೊಂಡವಿದ್ದರೆ ಮೊದಲ ರಭಸ ಅಲ್ಲಿಗೆ ತಿರುಗಿ, ಅಷ್ಟರಲ್ಲಿ ಬಾಗಿಲು ಪೂರ್ತಿ ಕೂರುತ್ತದೆ. ಕಂಡೆನ್ಸರ್ ಆ ಹೊಂಡ. 3 ಆಂಪಿಯರ್ ಕರೆಂಟು 0.2 ಮೈಕ್ರೋಫ್ಯಾರಡ್ ಕಂಡೆನ್ಸರಿಗೆ ತಿರುಗಿದಾಗ ಅದರ ಒತ್ತಡ ಮೈಕ್ರೋಸೆಕೆಂಡಿಗೆ 15 ವೋಲ್ಟಿನಂತೆ ಏರುತ್ತದೆ. ಈ ಏರಿಕೆಗಿಂತ ಪಾಯಿಂಟುಗಳ ಅಂತರ ಮುಂದಿದ್ದರೆ ಕಿಡಿ ಹತ್ತುವುದಿಲ್ಲ. ಏರಿಕೆ 200ರಿಂದ 400 ವೋಲ್ಟ್ ತಲುಪಿ, ಆಮೇಲೆ ಕಂಡೆನ್ಸರ್ ಮತ್ತು ಕಾಯಿಲಿನ ನಡುವೆ ಸೆಕೆಂಡಿಗೆ ಕೆಲವು ಸಾವಿರ ಸಲದ ವೇಗದಲ್ಲಿ ಶಕ್ತಿ ಹಿಂದುಮುಂದಾಗಿ ತೂಗುತ್ತದೆ. 12 ವೋಲ್ಟಿನ ಗಾಡಿಯಲ್ಲಿ ನೂರಾರು ವೋಲ್ಟಿನ ಕಂಡೆನ್ಸರ್ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇದೇ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ಹೊಡೆಯುವಾಗ ಇದೆಲ್ಲ ಸೆಕೆಂಡಿಗೆ 100 ಸಲ ನಡೆಯುತ್ತದೆ.

ಹಿನ್ನೆಲೆ

ಇಂಡಕ್ಷನ್ ಕಾಯಿಲಿಗೆ ಕಂಡೆನ್ಸರ್ ಸೇರಿಸಿದರೆ ಕಿಡಿ ಬಲವಾಗುತ್ತದೆಂದು ತೋರಿಸಿದವನು ಫ್ರಾನ್ಸಿನ ಭೌತವಿಜ್ಞಾನಿ ಇಪೊಲಿಟ್ ಫಿಜೋ, 1853ರಲ್ಲಿ. ಮೋಟಾರುಗಾಡಿಗೆ ಬ್ಯಾಟರಿ, ಕಾಯಿಲು, ಪಾಯಿಂಟು, ಕಂಡೆನ್ಸರುಗಳ ಕೂಟವನ್ನು ನೆಲೆಗೊಳಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಅದು ಬಂತು. ಅದಕ್ಕೂ ಮೊದಲು, 1902ರಲ್ಲಿ, ರಾಬರ್ಟ್ ಬಾಷ್ ಕಂಪನಿಯ ಗಾಟ್ಲೋಬ್ ಹೋನೊಲ್ಡ್ ಬ್ಯಾಟರಿಯೇ ಬೇಡದ ಹೈ ಟೆನ್ಷನ್ ಮ್ಯಾಗ್ನೆಟೋ ರೂಪಿಸಿದ್ದ. ಕಂಡೆನ್ಸರ್ ಅದರಲ್ಲೂ ಇತ್ತು.

ಕನ್ನಡನಾಡಿನ ಮಟ್ಟಿಗೆ ಈ ಕಥೆ ಬೆಂಗಳೂರು–ಮೈಸೂರು ರಸ್ತೆಯ ಎರಡು ತುದಿಗಳಲ್ಲಿ ನಿಂತಿದೆ. ಒಂದು ತುದಿಯಲ್ಲಿ 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಿಂದ ದೇಶಕ್ಕೆಲ್ಲ ಸ್ಪಾರ್ಕ್ ಪ್ಲಗ್ ಕಳಿಸಿದ ಮೈಕೋ. 2008ರಿಂದ ಅದರ ಹೆಸರು ಬಾಷ್. ಇನ್ನೊಂದು ತುದಿಯಲ್ಲಿ 1961ರಿಂದ 1996ರವರೆಗೆ ಮೋಟಾರ್‌ಸೈಕಲ್ ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ. ನಡುವೆ ಬಿಡದಿ, ರಾಮನಗರ, ಚನ್ನಪಟ್ಟಣ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಜೈ ಮತ್ತು ವೀರು ಸವಾರಿ ಮಾಡುವ ಸೈಡ್‌ಕಾರ್ ಗಾಡಿ ಬಿಎಸ್‌ಎ ಡಬ್ಲ್ಯುಎಂ20, ಎರಡನೇ ಮಹಾಯುದ್ಧದ ಸೇನಾ ಮಾದರಿ. ಆ ಮಾದರಿಯಲ್ಲಿ ಇದ್ದದ್ದು ಲ್ಯೂಕಾಸ್ ಮ್ಯಾಗ್‌ಡೈನೋ, ಅಂದರೆ ಮ್ಯಾಗ್ನೆಟೋ ಮತ್ತು ಡೈನಮೋಗಳ ಜೋಡಿ. ಅದರ ಕಂಡೆನ್ಸರ್ ಸುತ್ತುವ ಆರ್ಮೇಚರಿನ ಒಳಗೇ ಹುದುಗಿರುತ್ತದೆ, ಮ್ಯಾಗ್ನೆಟೋ ಬಿಚ್ಚದೆ ಕೈಗೆ ಸಿಗುವುದಿಲ್ಲ. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಹೊರಟು, ಬಿಸಿಯಾದ ಮೇಲೆ ಎಷ್ಟು ತುಳಿದರೂ ಏಳದ ಹಳೆಯ ಬ್ರಿಟಿಷ್ ಗಾಡಿಗಳ ಹಟಕ್ಕೆ ಹಲವು ಸಲ ಕಾರಣ ಅಲ್ಲಿ ಅಡಗಿರುವ ಆ ಮೇಣದ ಕಾಗದದ ಸುರುಳಿ.

ಇವತ್ತು ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ, ಬಾಷ್ ಘಟಕವಿದೆ. ಅಲ್ಲಿಂದ ಹೊರಬರುವ ಪೆಟ್ರೋಲ್ ಕಾರುಗಳಲ್ಲಿ ಪಾಯಿಂಟೂ ಇಲ್ಲ, ಈ ಬಗೆಯ ಕಂಡೆನ್ಸರೂ ಇಲ್ಲ. ಕಿಡಿಯ ಹೊತ್ತನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಾಗಾಗಿ ಅದೇ ತಾಲ್ಲೂಕಿನ ಕೂಟಗಲ್ ಹೋಬಳಿಯ ಯಾವುದಾದರೂ ಕೊಟ್ಟಿಗೆಯಲ್ಲಿ ಹಳೆಯ ಜೀಪು ನಿಂತಿದ್ದರೆ, ಅದರ ಕಂಡೆನ್ಸರಿಗೆ ಈ ಕಾರ್ಖಾನೆಗಳನ್ನು ದಾಟಿ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಬೇಕು.

ಕೆಡುವ ಬಗೆ

ಕಂಡೆನ್ಸರ್ ನಾಲ್ಕು ಬಗೆಯಲ್ಲಿ ಕೆಡುತ್ತದೆ, ನಾಲ್ಕರ ಲಕ್ಷಣವೂ ಬೇರೆ. ಪೂರ್ತಿ ಶಾರ್ಟ್ ಆದರೆ ಪಾಯಿಂಟು ತೆರೆದರೂ ಕರೆಂಟು ಅರ್ತಿಗೆ ಹರಿಯುತ್ತಲೇ ಇರುತ್ತದೆ, ಕಿಡಿ ಇಲ್ಲವೇ ಇಲ್ಲ. ಮೆಕ್ಯಾನಿಕ್ ಭಾಷೆಯಲ್ಲಿ ‘ಅರ್ತ್ ಹೊಡೆದಿದೆ’. ಒಳಗಿನ ತಂತಿ ಬಿಟ್ಟುಹೋದರೆ ಕಂಡೆನ್ಸರೇ ಇಲ್ಲದಂತೆ: ಪಾಯಿಂಟಿನಲ್ಲಿ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ಸಣ್ಣ ಹಳದಿ ಕಿಡಿ, ಎಂಜಿನ್ನು ಕೆಮ್ಮುತ್ತದೆ, ಹೊಸ ಪಾಯಿಂಟು ಬೇಗನೆ ಕಪ್ಪಾಗುತ್ತದೆ. ಇವೆರಡನ್ನೂ ಹಿಡಿಯುವುದು ಸುಲಭ.

ಮೂರನೆಯದು ಸೋರಿಕೆ. ಹಳೆಯ ಕಂಡೆನ್ಸರಿನ ಕಾಗದ ವರ್ಷಗಳಲ್ಲಿ ತೇವ ಹೀರುತ್ತದೆ. ತಣ್ಣಗಿದ್ದಾಗ ತಡೆದುಕೊಂಡ ಕಾಗದ ಬಿಸಿಯಲ್ಲಿ ಬಿಟ್ಟುಕೊಡುತ್ತದೆ. ನಾಲ್ಕನೆಯದು ಒಳಗಿನ ಸಡಿಲ ಜೋಡಣೆ. ಸುರುಳಿಯ ತುದಿಗೆ ತಂತಿಯನ್ನು ಬೆಸುಗೆ ಹಾಕದೆ ಬರೇ ಸ್ಪ್ರಿಂಗಿನ ಒತ್ತಡದಿಂದ ತಾಗಿಸಿಟ್ಟ ಅಗ್ಗದ ಕಂಡೆನ್ಸರುಗಳಲ್ಲಿ ಇದು ಹೆಚ್ಚು. ಎಂಜಿನ್ನಿನ ನಡುಕಕ್ಕೆ ಅದು ತಾಗುತ್ತದೆ, ಬಿಡುತ್ತದೆ, ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಬಿಚ್ಚಿ ಮೇಜಿನ ಮೇಲಿಟ್ಟು ಅಳೆದರೆ ಎಲ್ಲ ಸರಿ. ಕೊನೆಯ ಈ ಎರಡು ದೋಷಗಳಿಂದಾಗಿಯೇ ಕಂಡೆನ್ಸರಿಗೆ ‘ನಂಬಿಕೆ ಇಲ್ಲದ ಮಾಲು’ ಎಂಬ ಅಪಖ್ಯಾತಿ ಬಂದಿರುವುದು.

ಬಿಸಿಯಲ್ಲಿ ನಿಂತ ಗಾಡಿಯ ವಿಷಯದಲ್ಲಿ ಅವಸರದ ತೀರ್ಮಾನ ಬೇಡ. ಏಪ್ರಿಲ್ ಬಿಸಿಲಲ್ಲಿ ಅಂಬಾಸಿಡರ್ ನಿಂತಾಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ನಮ್ಮ ರಸ್ತೆಗಳ ಹಳೆಯ ಉಪಾಯ. ಪೆಟ್ರೋಲ್ ಆವಿಗಟ್ಟಿದ್ದರೆ ಅದು ಸರಿ. ಆದರೆ ಅರ್ಧ ಗಂಟೆ ಕಾದರೆ ಕಂಡೆನ್ಸರೂ ತಣ್ಣಗಾಗುತ್ತದೆ, ಕಾಯಿಲೂ ತಣ್ಣಗಾಗುತ್ತದೆ, ಗಾಡಿ ಹೊರಡುತ್ತದೆ, ಗೆಲುವು ಒದ್ದೆ ಬಟ್ಟೆಯ ಖಾತೆಗೆ ಹೋಗುತ್ತದೆ. ಗಾಡಿ ನಿಂತ ಕೂಡಲೇ, ಬಿಸಿ ಇರುವಾಗಲೇ, ಕಾಯಿಲಿನಿಂದ ಬರುವ ಎಚ್‌ಟಿ (ಹೈ ಟೆನ್ಷನ್) ವೈರನ್ನು ಬಾಡಿಗೆ 5–6 ಮಿಲಿಮೀಟರ್ ದೂರ ಹಿಡಿದು ಕಿಡಿ ನೋಡಬೇಕು. ಬರಿಗೈಯಲ್ಲಿ ಹಿಡಿಯದೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯಬೇಕು, ಸುತ್ತ ಪೆಟ್ರೋಲ್ ಸೋರಿರಬಾರದು. ಕಿಡಿ ನೀಲಿಯಾಗಿ ಚಟಪಟ ಎಂದರೆ ತೊಂದರೆ ಪೆಟ್ರೋಲಿನದು. ಕಿಡಿ ಸೊರಗಿದ್ದರೆ ಮಾತ್ರ ಕಂಡೆನ್ಸರ್ ಮತ್ತು ಕಾಯಿಲಿನ ವಿಚಾರಣೆ.

ಪರೀಕ್ಷೆ

ಉಪಕರಣ ಯಾವುದೂ ಇಲ್ಲದೆ ಸಿಗುವ ಮೊದಲ ಸಾಕ್ಷಿ ಪಾಯಿಂಟಿನ ಮುಖ. ಸಣ್ಣ ಬೂದುಬಣ್ಣದ ಒರಟು ಸಹಜ. ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಡ್ಡೆ ಬೆಳೆದಿದ್ದರೆ ಟಂಗ್‌ಸ್ಟನ್ ಒಂದೇ ದಿಕ್ಕಿಗೆ ಸಾಗುತ್ತಿದೆ ಎಂದರ್ಥ. ಮೈನಸ್ ಕಡೆಯ ಮುಖದಲ್ಲಿ ಗುಳಿ ಬಿದ್ದಿದ್ದರೆ ಕಂಡೆನ್ಸರಿನ ಧಾರಣಶಕ್ತಿ ಕಡಿಮೆ. ಪ್ಲಸ್ ಕಡೆಯ ಮುಖದಲ್ಲಿ ಬಿದ್ದಿದ್ದರೆ ಹೆಚ್ಚು. ಆದರೆ ಯಾವ ಮುಖ ಮೈನಸ್ ಎಂಬುದು ಗಾಡಿಯನ್ನು ಅವಲಂಬಿಸಿದೆ. ನೆಗೆಟಿವ್ ಅರ್ತ್ ಗಾಡಿಯಲ್ಲಿ ಪ್ಲೇಟಿಗೆ ಕೂತ ಸ್ಥಿರ ಮುಖ ಮೈನಸ್. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇರುವುದರಿಂದ ಲೆಕ್ಕ ತಿರುಗುಮುರುಗು. ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ಎಂದು ನೋಡದೆ ಈ ಪರೀಕ್ಷೆಯ ಉತ್ತರ ಹೇಳಬಾರದು.

ಪಾಯಿಂಟು ಸುಟ್ಟಿದೆ ಎಂದಾಕ್ಷಣ ಕಂಡೆನ್ಸರೇ ಅಪರಾಧಿ ಎನ್ನುವುದೂ ತಪ್ಪು. ಬ್ಯಾಲಸ್ಟ್ ರೆಸಿಸ್ಟರ್ ಜತೆ ಕೆಲಸ ಮಾಡಬೇಕಾದ 1.5 ಓಮಿನ ಕಾಯಿಲನ್ನು ನೇರವಾಗಿ 12 ವೋಲ್ಟಿಗೆ ಕೊಟ್ಟರೆ ಪಾಯಿಂಟಿನಲ್ಲಿ 8 ಆಂಪಿಯರಿನ ತನಕ ಹರಿದು, ಎಂಥ ಕಂಡೆನ್ಸರೂ ಅದನ್ನು ಉಳಿಸಲಾರದು. ಗ್ಯಾಪ್ ತೀರ ಕಿರಿದಾಗಿದ್ದರೂ, ಕ್ಯಾಮಿನ ಗ್ರೀಸು ಪಾಯಿಂಟಿಗೆ ಸಿಡಿದಿದ್ದರೂ, ಡೈನಮೋ ಅತಿಯಾಗಿ ಚಾರ್ಜ್ ಮಾಡುತ್ತಿದ್ದರೂ ಇದೇ ಲಕ್ಷಣ. ಡಿಸ್ಟ್ರಿಬ್ಯೂಟರಿನ ಒಳಗಿನ ಪ್ಲೇಟಿಗೆ ಅರ್ತ್ ಕೊಡುವ ಸಣ್ಣ ಹೆಣೆದ ತಂತಿ ತುಂಡಾಗಿದ್ದರೆ, ಇಲ್ಲವೇ ಪಾಯಿಂಟು ಕೂರಿಸುವಾಗ ಫೈಬರ್ ವಾಷರಿನ ಸರದಿ ತಪ್ಪಿದ್ದರೆ, ಹೊಚ್ಚಹೊಸ ಕಂಡೆನ್ಸರೂ ಕೆಟ್ಟದ್ದರಂತೆ ಕಾಣುತ್ತದೆ.

ಮಲ್ಟಿಮೀಟರ್ ಪರೀಕ್ಷೆ ಎಲ್ಲರಿಗೂ ಗೊತ್ತು. ಮುಳ್ಳಿನ ಮೀಟರನ್ನು ಮೇಲಿನ ಓಮ್ ರೇಂಜಿಗಿಟ್ಟು ಕಂಡೆನ್ಸರಿಗೆ ತಾಗಿಸಿದರೆ ಮುಳ್ಳು ಒಮ್ಮೆ ಜಿಗಿದು ಹಿಂದಿರುಗಬೇಕು. ಜಿಗಿಯದಿದ್ದರೆ ತಂತಿ ಬಿಟ್ಟಿದೆ, ಹಿಂದಿರುಗದಿದ್ದರೆ ಶಾರ್ಟ್. ಡಿಜಿಟಲ್ ಮೀಟರಿನ ಕೆಪಾಸಿಟೆನ್ಸ್ ರೇಂಜ್ 0.2ರ ಆಸುಪಾಸು ತೋರಿಸಿದರೆ ಸುರುಳಿ ಇದೆ, ತಂತಿ ತಾಗಿದೆ ಎಂದಷ್ಟೇ ಅರ್ಥ. ಮೀಟರಿನೊಳಗಿರುವುದು ಕೆಲವೇ ವೋಲ್ಟಿನ ಬ್ಯಾಟರಿ. ಕಂಡೆನ್ಸರ್ ದುಡಿಯುವುದು 300 ವೋಲ್ಟಿನ ಹತ್ತಿರ. ಬಿರುಕುಬಿಟ್ಟ ಕಾಗದ 9 ವೋಲ್ಟಿನೆದುರು ಸುಮ್ಮನಿದ್ದು 250 ವೋಲ್ಟಿನಲ್ಲಿ ಸೀಳುತ್ತದೆ. ಕಂಡೆನ್ಸರ್ ‘ಮೀಟರಿನಲ್ಲಿ ಪಾಸಾಯಿತು, ಗಾಡಿಯಲ್ಲಿ ಫೇಲಾಯಿತು’ ಎಂಬ ದೂರಿನ ಗುಟ್ಟು ಇಷ್ಟೇ. ಮೀಟರ್ ಹಚ್ಚಿರುವಾಗಲೇ ಕಂಡೆನ್ಸರಿನ ವೈರನ್ನು ಅಲುಗಾಡಿಸಿ ಅಂಕಿ ಕುಣಿಯುತ್ತದೆಯೇ ನೋಡುವುದು ಒಳ್ಳೆಯ ಅಭ್ಯಾಸ, ಸಡಿಲ ಜೋಡಣೆ ಅಲ್ಲಿ ಸಿಕ್ಕಿಬೀಳುತ್ತದೆ. ಎಲ್‌ಸಿಆರ್ ಮೀಟರ್ ಇದ್ದವರು 1 ಕಿಲೋಹರ್ಟ್ಸ್‌ನಲ್ಲಿ ಡಿಸಿಪೇಷನ್ ಫ್ಯಾಕ್ಟರ್ ನೋಡಬಹುದು. ಒಳ್ಳೆಯ ಪ್ಲಾಸ್ಟಿಕ್ ಪೊರೆಯ ಕಂಡೆನ್ಸರಿನಲ್ಲಿ ಅದು 0.01 ದಾಟುವುದಿಲ್ಲ.

ನಿಜವಾದ ತೀರ್ಪು ಕೊಡುವ ಸಾಧನ ಮೆಗ್ಗರ್, ಅಂದರೆ ಮನೆ ವೈರಿಂಗಿನ ಇನ್ಸುಲೇಷನ್ ನೋಡಲು ಎಲೆಕ್ಟ್ರಿಷಿಯನ್ನರು ಇಟ್ಟುಕೊಂಡಿರುವ 500 ವೋಲ್ಟಿನ ಯಂತ್ರ. ಕಂಡೆನ್ಸರನ್ನು ಗಾಡಿಯಿಂದ ಪೂರ್ತಿ ಬಿಡಿಸಿ, ವೈರು ಮತ್ತು ಡಬ್ಬಿಯ ನಡುವೆ ಮೆಗ್ಗರ್ ಹಚ್ಚಬೇಕು. ಕಂಡೆನ್ಸರಿನ ಮೇಲೆ ಬರೆದಿರುವ ವೋಲ್ಟ್ 500ಕ್ಕಿಂತ ಕಡಿಮೆ ಇದ್ದರೆ 250ರ ರೇಂಜು ಸಾಕು. ಒಳ್ಳೆಯ ಪ್ಲಾಸ್ಟಿಕ್ ಪೊರೆ ನೂರಾರು ಮೆಗಾಓಮ್ ತೋರಿಸುತ್ತದೆ. 10 ಮೆಗಾಓಮಿಗಿಂತ ಕೆಳಗಿದ್ದರೆ ಅದನ್ನು ದೂರದ ಪ್ರಯಾಣಕ್ಕೆ ನಂಬಬಾರದು. ಲೆಕ್ಕ ಹಾಕಿದರೆ 1 ಮೆಗಾಓಮಿನ ಸೋರಿಕೆಯೂ 300 ವೋಲ್ಟಿನಲ್ಲಿ ಬರೇ 0.3 ಮಿಲಿಆಂಪಿಯರ್, ಕಿಡಿಯನ್ನು ಅದೇನೂ ಸೊರಗಿಸುವುದಿಲ್ಲ. ಆದರೆ ತಣ್ಣಗಿರುವಾಗಲೇ ಇಷ್ಟು ಸೋರುವ ಕಾಗದ ಬಾನೆಟ್ಟಿನ ಬಿಸಿಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅದು ಮುನ್ಸೂಚನೆ. ಆದ್ದರಿಂದ ಇದೇ ಪರೀಕ್ಷೆಯನ್ನು ಬಿಸಿಯಲ್ಲಿ ಮತ್ತೊಮ್ಮೆ ಮಾಡಬೇಕು. ಹೇರ್ ಡ್ರೈಯರಿನಿಂದ ಕಂಡೆನ್ಸರನ್ನು 70–80 ಡಿಗ್ರಿಯವರೆಗೆ ಕಾಯಿಸಿ, ಅದು ತಣಿಯುವ ಮೊದಲೇ ಮೆಗ್ಗರ್ ಹಚ್ಚಿದರೆ ಬಿಸಿಯಲ್ಲಿ ಕೈಕೊಡುವ ಕಂಡೆನ್ಸರ್ ಮೇಜಿನ ಮೇಲೇ ತಪ್ಪೊಪ್ಪಿಕೊಳ್ಳುತ್ತದೆ. ಪರೀಕ್ಷೆ ಮುಗಿದ ಕೂಡಲೇ ವೈರನ್ನು ಡಬ್ಬಿಗೆ ತಾಗಿಸಿ ಚಾರ್ಜ್ ಇಳಿಸಬೇಕು. 500 ವೋಲ್ಟ್ ಹೊತ್ತ ಕಂಡೆನ್ಸರ್ ಪ್ರಾಣ ತೆಗೆಯದಿದ್ದರೂ ಕೈಯನ್ನು ಜೋರಾಗಿ ಝಾಡಿಸುತ್ತದೆ.

ಕಂಡೆನ್ಸರಿನ ತುದಿಯನ್ನು ಎಚ್‌ಟಿ ವೈರಿನ ಕಿಡಿಗೆ ಒಡ್ಡಿ ‘ಚಾರ್ಜ್’ ಮಾಡಿ, ಆಮೇಲೆ ಡಬ್ಬಿಗೆ ತಾಗಿಸಿ ಚಟ್ ಎಂದರೆ ಒಳ್ಳೆಯದು ಎನ್ನುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿ ಇದೆ. 400–600 ವೋಲ್ಟಿಗೆ ಮಾಡಿದ ಪೊರೆಯ ಮೇಲೆ ಸಾವಿರಾರು ವೋಲ್ಟ್ ಸುರಿಯುವ ಈ ಪರೀಕ್ಷೆ ಒಳ್ಳೆಯ ಕಂಡೆನ್ಸರನ್ನೇ ಕೆಡಿಸಬಲ್ಲದು. ಬಲ್ಬಿನ ಮೂಲಕ ಮನೆಯ 230 ವೋಲ್ಟಿಗೆ ಹಚ್ಚಿ ನೋಡುವುದು ಅದಕ್ಕಿಂತ ಕೆಟ್ಟದ್ದು, ಅಲ್ಲಿ ಅಪಾಯ ಮನುಷ್ಯನಿಗೆ.

ಆಯ್ಕೆ

ಧಾರಣಶಕ್ತಿಯ ಅಂಕಿಗೆ ಜನ ಕೊಡುವಷ್ಟು ಮಹತ್ವ ಅದಕ್ಕಿಲ್ಲ. ವಿಲ್ಲಿಸ್ ಜೀಪಿಗೂ ಅಂಬಾಸಿಡರಿಗೂ ಜಾವಾಕ್ಕೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ, 0.2ರಿಂದ 0.25. 6 ವೋಲ್ಟಿನ ಗಾಡಿಗೆ ಬೇರೆ, 12ಕ್ಕೆ ಬೇರೆ ಎಂಬುದೂ ಇಲ್ಲ. 0.22ರ ಬದಲು 0.25 ಹಾಕಿದರೆ ಎಂಜಿನ್ನಿಗೆ ತಿಳಿಯುವುದಿಲ್ಲ, ಪಾಯಿಂಟಿಗೆ ಸಾವಿರಾರು ಕಿಲೋಮೀಟರ್ ಕಳೆದ ಮೇಲೆ ತಿಳಿಯಬಹುದು. ನೋಡಬೇಕಾದದ್ದು ಪೊರೆಯ ಗುಣ, ವೋಲ್ಟ್, ಬಿಸಿ ತಾಳುವ ಶಕ್ತಿ ಮತ್ತು ತಂತಿಯ ಬೆಸುಗೆ.

ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹಳೆಯ ಕಂಪನಿಯ ಡಬ್ಬಿಯಲ್ಲಿ ಮುಚ್ಚಿಟ್ಟ, ಎಂದೂ ಬಳಸದ ‘ಒರಿಜಿನಲ್’ ಕಂಡೆನ್ಸರ್ ಸಿಕ್ಕಿದರೆ ಹಳೆ ಗಾಡಿಯವರಿಗೆ ಹಬ್ಬ. ಪಿಸ್ಟನ್ನಿಗೆ, ಗೇರಿಗೆ ಆ ಹಬ್ಬ ಸರಿ. ಕಾಗದದ ಕಂಡೆನ್ಸರಿಗೆ ಅಲ್ಲ. ಅದು ಬಳಸದೆ ಇಟ್ಟರೂ ಮುಪ್ಪಾಗುತ್ತದೆ, ಐವತ್ತು ಮಳೆಗಾಲದ ತೇವ ಸೀಲು ದಾಟಿ ಒಳಗೆ ಹೋಗಿರುತ್ತದೆ. ಇನ್ನೊಂದೆಡೆ, ಈಗ ತಯಾರಾಗಿ ಬರುವ ಹೆಸರಿಲ್ಲದ ಅಗ್ಗದ ನಕಲುಗಳಲ್ಲಿ ಪೊರೆ ಪ್ಲಾಸ್ಟಿಕ್ ಆಗಿದ್ದರೂ ಜೋಡಣೆ ಸ್ಪ್ರಿಂಗಿನದು. ಎರಡನ್ನೂ ಮೆಗ್ಗರ್ ಮುಂದೆ ನಿಲ್ಲಿಸದೆ ಗಾಡಿಗೆ ಹಾಕುವುದು ಜೂಜು.

ಇವೆರಡಕ್ಕಿಂತ ಒಳ್ಳೆಯ ದಾರಿ ಜೆ.ಸಿ. ರಸ್ತೆಯಿಂದ ಸ್ವಲ್ಪ ದೂರದ ಎಸ್.ಪಿ. ರಸ್ತೆಯಲ್ಲಿದೆ. ಅಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 0.22 ಮೈಕ್ರೋಫ್ಯಾರಡ್, 630 ವೋಲ್ಟ್ ಡಿಸಿ ಎಂದು ಬರೆದ ಫಿಲ್ಮ್ ಕೆಪಾಸಿಟರ್ ಕೇಳಬೇಕು. ಪಾಲಿಪ್ರೊಪಿಲೀನ್ ಪೊರೆ ಹಠಾತ್ ಏರಿಳಿತವನ್ನು ಚೆನ್ನಾಗಿ ತಾಳುತ್ತದೆ, ಆದರೆ ಅದರ ಬಿಸಿಯ ಮಿತಿ ಸುಮಾರು 105 ಡಿಗ್ರಿ. ಪಾಲಿಯೆಸ್ಟರ್ ಪೊರೆ 125 ಡಿಗ್ರಿಯವರೆಗೆ ತಾಳುತ್ತದೆ. ಎಂಜಿನ್ನಿಗೆ ಅಂಟಿಕೊಂಡ ಡಿಸ್ಟ್ರಿಬ್ಯೂಟರಿನ ಒಳಗಿಡುವುದಾದರೆ ಪಾಲಿಯೆಸ್ಟರ್, ಹೊರಗೆ ಕಾಯಿಲಿನ ಪಕ್ಕ ಇಡುವುದಾದರೆ ಪಾಲಿಪ್ರೊಪಿಲೀನ್ ಎಂಬುದು ಒಳ್ಳೆಯ ಲೆಕ್ಕ. ಪಲ್ಸ್ ಏರಿಕೆಯ ಅಂಕಿ ಮೈಕ್ರೋಸೆಕೆಂಡಿಗೆ 20 ವೋಲ್ಟಿಗಿಂತ ಹೆಚ್ಚಿರಲಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇಲ್ಲಿ ಸಲ್ಲದು, ಒತ್ತಡ ಇಲ್ಲಿ ಎರಡೂ ದಿಕ್ಕಿಗೆ ತೂಗುತ್ತದೆ. ಮ್ಯಾಗ್ನೆಟೋ ಆರ್ಮೇಚರಿನಂಥ ಇಕ್ಕಟ್ಟಿಗೆ ಹೈ ವೋಲ್ಟೇಜ್ ಸಿರಾಮಿಕ್ ಚಿಪ್ಪುಗಳನ್ನು ಸೇರಿಸಿ ಬಳಸುವವರಿದ್ದಾರೆ. ಒತ್ತಡ ಏರಿದಂತೆ ಸಿರಾಮಿಕ್ಕಿನ ಧಾರಣಶಕ್ತಿ ಕುಗ್ಗುವುದರಿಂದ ಅಲ್ಲಿ ಸ್ವಲ್ಪ ಹೆಚ್ಚಿನ ಅಂಕಿ ಆರಿಸಬೇಕು.

ಹೊಸ ಫಿಲ್ಮ್ ಕೆಪಾಸಿಟರನ್ನು ಹಳೆಯ ತಗಡಿನ ಡಬ್ಬಿ ಬಿಡಿಸಿ ಅದರೊಳಗೆ ಇಪಾಕ್ಸಿ ತುಂಬಿ ಕೂರಿಸಿದರೆ ಗಾಡಿಯ ಹಳೆಯ ಮುಖ ಹಾಗೇ ಉಳಿಯುತ್ತದೆ. 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಮಾಡಿಸುವವರಿಗೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಕಾರು ಸಂಗ್ರಹಾಲಯದಲ್ಲಿ ಇರುವಂಥ ಅಚ್ಚುಕಟ್ಟು ತಮ್ಮ ಗಾಡಿಗೂ ಬೇಕೆನ್ನುವವರಿಗೆ ಇದು ಹೊಂದುತ್ತದೆ. ಬರೇ ಓಡಿಸುವವರು ಪಾಯಿಂಟು ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದರೆ ಕಂಡೆನ್ಸರಿನ ಗೊಡವೆಯೇ ಇಲ್ಲ. ಆದರೆ ಮಾಡ್ಯೂಲ್ ಕೆಟ್ಟರೆ ಮಾಗಡಿ ರಸ್ತೆಯಲ್ಲಿ ಅದನ್ನು ರಿಪೇರಿ ಮಾಡುವವರು ಸಿಗುವುದಿಲ್ಲ. ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜಿ ಮನೆ ಸೇರಬಹುದು.

ಅಳವಡಿಸುವಾಗ ಒಂದು ಎಚ್ಚರ. ಹಲವು ಕಾರುಗಳಲ್ಲಿ ಕಾಯಿಲಿನ ಮೇಲೆ ಇನ್ನೊಂದು ಕಂಡೆನ್ಸರ್ ಇರುತ್ತದೆ. ಅದು ರೇಡಿಯೋದ ಗರಗರ ತಡೆಯಲು ಹಾಕಿದ್ದು, ಅದರ ಧಾರಣಶಕ್ತಿ ಕೆಲವು ಪಟ್ಟು ಹೆಚ್ಚು. ಅದರ ಜಾಗ ಬ್ಯಾಟರಿ ಕಡೆಯ ತುದಿ, ಲ್ಯೂಕಾಸ್ ಕಾಯಿಲಿನಲ್ಲಿ ‘ಎಸ್‌ಡಬ್ಲ್ಯು’ ಎಂಬ ಗುರುತು. ತಪ್ಪಿ ಪಾಯಿಂಟ್ ಕಡೆಯ ‘ಸಿಬಿ’ ತುದಿಗೆ ಹಾಕಿದರೆ ಕಿಡಿ ಸೊರಗುತ್ತದೆ.

ಜಾವಾ ಮತ್ತು ಯೆಜ್ಡಿ 250ಕ್ಕೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಕಂಡೆನ್ಸರೂ ಒಂದೇ. ಎರಡು ಸಿಲಿಂಡರಿನ 350ಕ್ಕೆ ಎರಡು ಪಾಯಿಂಟು, ಎರಡು ಕಂಡೆನ್ಸರು. ಒಂದು ಕೆಟ್ಟರೆ ಗಾಡಿ ಒಂದೇ ಕಾಲಲ್ಲಿ ಕುಂಟುತ್ತದೆ. ಎರಡನ್ನೂ ಅದಲುಬದಲು ಮಾಡಿ ಕುಂಟು ಇನ್ನೊಂದು ಸಿಲಿಂಡರಿಗೆ ಹೋಯಿತೇ ಎಂದು ನೋಡುವುದು ಮೀಟರಿಲ್ಲದವರ ಪರೀಕ್ಷೆ, ಮತ್ತು ಅದು ನೂರಕ್ಕೆ ನೂರು ಪ್ರಾಮಾಣಿಕ.

ದಾರಿಯಲ್ಲಿ ಕಂಡೆನ್ಸರ್ ಕೆಟ್ಟರೆ ಡಿಸ್ಟ್ರಿಬ್ಯೂಟರ್ ಬಿಚ್ಚುವ ಅಗತ್ಯ ಎಲ್ಲ ಸಲವೂ ಇಲ್ಲ. ತಂತಿ ಬಿಟ್ಟಿದ್ದರೆ ಯಾವುದೇ ಒಳ್ಳೆಯ ಕಂಡೆನ್ಸರಿನ ವೈರನ್ನು ಕಾಯಿಲಿನ ‘ಸಿಬಿ’ ತುದಿಗೆ ಸಿಕ್ಕಿಸಿ ಡಬ್ಬಿಯನ್ನು ಬಾಡಿಗೆ ಬಿಗಿದರೆ ಗಾಡಿ ಹೊರಡುತ್ತದೆ. ಶಾರ್ಟ್ ಆಗಿದ್ದರೆ ಹಳೆಯದರ ವೈರನ್ನು ಮೊದಲು ಕಳಚಬೇಕು. ಹಳೆಯ ಗಾಡಿ ಇಟ್ಟುಕೊಂಡವರು ತಣ್ಣಗೂ ಬಿಸಿಯಲ್ಲೂ ಮೆಗ್ಗರ್ ದಾಟಿದ ಒಂದು ಕಂಡೆನ್ಸರನ್ನು, ಪರೀಕ್ಷೆಯ ತಾರೀಖು ಬರೆದು, ಟೂಲ್ ಬಾಕ್ಸಿನಲ್ಲಿ ಇಟ್ಟಿರಬೇಕು.